ನಿಂಗವ್ವನ ಅರವಟಗಿಗೆ ಒಂದು ಟಿಕೀಟು

ನಮ್ಮ ಕಾಕಾನನ್ನು ಬಸ್ಸಿನವರು ನಡುದಾರಿಯಲ್ಲಿ ಇಳಿಸಿದಷ್ಟು ಸಲ ಆಳಂದ ತಾಲ್ಲೂಕಿನಲ್ಲಿ ಇನ್ಯಾರನ್ನೂ ಇಳಿಸಿರಲಾರರು. ಕುಡಿದು ಹತ್ತಿದ್ದಕ್ಕಲ್ಲ, ಕೋಳಿ ಹಿಡಿದುಕೊಂಡು ಹತ್ತಿದ್ದಕ್ಕಲ್ಲ, ರೊಕ್ಕ ಇಲ್ಲದ್ದಕ್ಕಂತೂ ಅಲ್ಲವೇ ಅಲ್ಲ. ಟಿಕೆಟ್ಟಿಗೆ ಬೇಕಾದ ಚಿಲ್ಲರೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಇಳಿಯುತ್ತಿದ್ದ. ಸರಿಯಾದ ಚಿಲ್ಲರೆ ತರುವ ಪ್ರಯಾಣಿಕನನ್ನು ಯಾವ ಕಂಡಕ್ಟರ್ ತಾನೇ ಇಳಿಸುತ್ತಾನೆ ಎಂದು ನೀವು ಕೇಳಬಹುದು. ಅದನ್ನು ಹೇಳಲಿಕ್ಕೇ ಕುಳಿತಿದ್ದೇನೆ.

ಮೊದಲೇ ಒಂದು ಮಾತು. ಇದರಲ್ಲಿ ಕೆಲವು ನಾನು ಕಂಡದ್ದು. ಕೆಲವನ್ನು ಮನೆಯಲ್ಲಿ ಎಷ್ಟು ಸಲ ಕೇಳಿದ್ದೇನೆಂದರೆ ಕಂಡ ಹಾಗೆಯೇ ನೆನಪಿದೆ. ಯಾವುದು ಯಾವುದೆಂದು ಬೇರೆ ಮಾಡುವುದು ಈಗ ನನ್ನಿಂದಾಗುವುದಿಲ್ಲ. ಧಾರವಾಡದಲ್ಲಿ ಇತಿಹಾಸ ಓದಿ ಬಂದವಳು ಹೀಗೆ ಹೇಳಬಾರದು, ಆದರೂ ಇದ್ದದ್ದು ಇದ್ದ ಹಾಗೆ.

ಕಾಕಾನ ಜಗಳ ಶುರುವಾದದ್ದು ಬಸ್ಸಿನಲ್ಲಲ್ಲ, ಒಂದು ಕೈಚೀಲದಲ್ಲಿ. ಆಳಂದದಲ್ಲಿ ನಮ್ಮೂರಿನ ಸಾಹುಕಾರರ ಗೊಬ್ಬರ ಮತ್ತು ಕೀಟನಾಶಕದ ಅಂಗಡಿಯಿತ್ತು. ಕೀಟನಾಶಕ ಅಂದರೆ ನಮ್ಮ ಕಡೆಯವರ ಬಾಯಲ್ಲಿ ‘ಎಣ್ಣಿ’. ತೊಗರಿಗೆ ಹುಳ ಬಿದ್ದರೆ ಎಣ್ಣಿ ಹೊಡೆಯಬೇಕು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಎಣ್ಣಿ ಕೊಂಡವರಿಗೆಲ್ಲ ಒಂದು ಬಟ್ಟೆಯ ಚೀಲ ಪುಕ್ಕಟೆ ಸಿಗತೊಡಗಿತು. ಅದರ ಮೇಲೆ ಹಸಿರು ಸೀಸೆ, ಗುಲಾಬಿ ರುಮಾಲು ಸುತ್ತಿ ಮೂವತ್ತೆರಡೂ ಹಲ್ಲು ತೋರಿಸುವ ರೈತ, ಕೆಳಗೆ ದಪ್ಪ ಅಕ್ಷರದಲ್ಲಿ ಕಂಪನಿಯ ಹೆಸರು. ಕಾಕಾ ಚೀಲವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

“ಸಾವ್ಕಾರ, ಇದರ ಮ್ಯಾಲೆ ಯಾರ ಹೆಸರದ?”

“ಕಂಪನೀದು.”

“ಹೊತ್ಕೊಂಡು ಊರೆಲ್ಲ ತಿರಗೋರು?”

“ನೀನ.”

“ತಿಂಗಳಿಗಿ ಪಗಾರ ಎಷ್ಟು ಕೊಡ್ತದ ನಿನ್ನ ಕಂಪನಿ?”

ಸಾಹುಕಾರರು ನಕ್ಕರು. “ಚೀಲ ಪುಕ್ಕಟ ಕೊಟ್ಟೇನಲ್ಲೋ ಮಾರಾಯಾ.”

“ಅದಕ್ಕಽ ಕೇಳಾಕತ್ತೇನಿ. ರೊಕ್ಕಾ ಕೊಟ್ಟು ತೊಗೊಂಡಿದ್ರ ಸುಮ್ಮ ಹೋಗ್ತಿದ್ದೆ.”

ಕಾಕಾ ಚೀಲವನ್ನು ಅಲ್ಲೇ ಒಳಹೊರಗು ಮಾಡಿ, ಹಲ್ಲು ಕಿಸಿಯುವ ರೈತನನ್ನು ಕತ್ತಲೆಗೆ ತಳ್ಳಿ, ಮನೆಗೆ ತಂದ. ಅಂದಿನಿಂದ ನಮ್ಮ ಮನೆಯ ಚೀಲಗಳೆಲ್ಲ ಹೊಲಿಗೆ ಹೊರಗೆ ಮಾಡಿಕೊಂಡು ಗೂಟಕ್ಕೆ ತೂಗುತ್ತಿದ್ದವು. ಕೊಡೆಯ ಮೇಲಿನ ಹೆಸರಿಗೆ ಮಸಿ ಬಿತ್ತು. ಗೋಡೆ ಗಡಿಯಾರದ ಮುಖದ ಮೇಲಿನ ಹೆಸರಿಗೆ ಕಾಗದದ ಚೂರು ಅಂಟಿತು. ಆ ಕಾಗದಕ್ಕೆ ಮುಳ್ಳು ತಾಗಿ ಗಡಿಯಾರ ದಿನಕ್ಕೆ ಎರಡು ಸಲ ನಿಲ್ಲುತ್ತಿತ್ತು. ಕಾಕಿ ನನ್ನ ಕಿವಿಯಲ್ಲಿ, “ಅವರ ಅಂಗಿ ಕಾಲರಿನ್ಯಾಗ ದರ್ಜಿ ಹೆಸರು ಅದ ಯವ್ವಾ. ಹೇಳಬ್ಯಾಡ, ಬರೇ ಮೈಲೆ ಕುಂತಾರು” ಎಂದಳು.

ಇದನ್ನು ಕೇಳಿ ಕಾಕಾನನ್ನು ಯಂತ್ರಗಳ ವೈರಿ ಎಂದುಕೊಳ್ಳಬೇಡಿ. ಊರಿಗೆ ಮೊದಲು ವಿದ್ಯುತ್ ಪಂಪು ತಂದವನು ಅವನೇ. ಅವನ ತಕರಾರು ಬೇರೆ ಕಡೆಗಿತ್ತು. ಚುನಾವಣೆಯ ಜೀಪೊಂದು ಮೈಕು ಕಟ್ಟಿಕೊಂಡು ನಮ್ಮ ಓಣಿಗೆ ಬಂದಾಗ ಕಾಕಾ ಅದರ ಮುಂದೆ ನಿಂತು ಕೈ ಅಡ್ಡ ಹಿಡಿದ.

“ಅದನ್ನ ಬಂದ್ ಮಾಡಿ ಕೆಳಗ ಬರ್ರಿ. ನೀವು ಅಂದಿದ್ದು ನನಗ ಕೇಳ್ಸಾಕತ್ತದ. ನಾ ಅಂದಿದ್ದು ನಿಮಗ ಕೇಳ್ಸವಲ್ದು.”

ಅಭ್ಯರ್ಥಿ ಒಳ್ಳೆಯ ಮನುಷ್ಯನಿರಬೇಕು, ಇಳಿದು ಬಂದು ಕಟ್ಟೆಯ ಮೇಲೆ ಕುಳಿತರು. ಮೈಕಿಲ್ಲದೆ ಏನು ಮಾತಾಡುವುದೆಂದು ಅವರಿಗೂ ತಿಳಿಯಲಿಲ್ಲ, ಕೇಳಬೇಕಾದ್ದೇನೆಂದು ಕಾಕಾನಿಗೂ ಆ ಕ್ಷಣಕ್ಕೆ ಹೊಳೆಯಲಿಲ್ಲ. ಇಬ್ಬರೂ ಚಹಾ ಕುಡಿದರು. ಹೋಗುವಾಗ ಅಭ್ಯರ್ಥಿ, “ಮತ್ತ ಓಟು?” ಎಂದರು. “ಮಾತಾಡೂದು ಮುಗೀಲಿ ತಡೀರಿ” ಎಂದ ಕಾಕಾ. ಮುಂದಿನ ಚುನಾವಣೆಯವರೆಗೂ ಅದು ಮುಗಿಯಲಿಲ್ಲ.

ಇನ್ನು ಬಸ್ಸಿನ ವಿಷಯ.

ಗುಲಬರ್ಗಾದಿಂದ ಆಳಂದಕ್ಕೆ ಹೋಗುವ ರಸ್ತೆಯಲ್ಲಿ ಇಳಿದು ಒಳಗೆ ನಡೆದರೆ ನಮ್ಮೂರು. ಇಳಿಯುವ ಜಾಗದಲ್ಲಿ ಒಂದು ಬೇವಿನ ಮರ. ರಸ್ತೆಗೆ ಡಾಂಬರು ಬೀಳುವ ಮೊದಲು, ಬೇಸಿಗೆ ಬಂತೆಂದರೆ ಆ ಮರದ ಕೆಳಗೆ ನಿಂಗವ್ವ ಎಂಬಾಕೆ ಮಣ್ಣಿನ ಗಡಿಗೆಗಳನ್ನಿಟ್ಟು ದಾರಿಹೋಕರಿಗೆ ನೀರು ಕೊಡುತ್ತಿದ್ದಳು. ಇಂಥ ಜಾಗಕ್ಕೆ ನಾವು ಅರವಟಗಿ ಎನ್ನುತ್ತೇವೆ. ಸಾಮಾನ್ಯವಾಗಿ ಅರವಟಗಿ ಇಡುವವರು ಉಳ್ಳವರು. ನಿಂಗವ್ವನಿಗೆ ಇದ್ದದ್ದು ನಾಲ್ಕು ಗಡಿಗೆ ಮತ್ತು ಹಳ್ಳಕ್ಕೆ ಹೋಗಿಬರುವ ಕಾಲು. ಅವಳು ಊರ ಹೊರಗಿನ ಓಣಿಯವಳು. ಆದ್ದರಿಂದ ದೂರದಿಂದ ಬಂದವರು ಕುಡಿಯುತ್ತಿದ್ದರು, ಊರವರು ಒಣಗಿದ ಬಾಯಲ್ಲೇ ಮನೆ ಸೇರುತ್ತಿದ್ದರು. ನಮ್ಮ ಮನೆಯಲ್ಲಿ ಎಲ್ಲರೂ ಲಿಂಗ ಕಟ್ಟಿದವರು, ಮನುಷ್ಯರಲ್ಲಿ ಮೇಲು ಕೀಳಿಲ್ಲ ಎಂದು ದಿನಾ ಹೇಳಿಕೊಳ್ಳುವವರು. ಆದರೂ ಹುಡುಗನಾಗಿದ್ದ ಕಾಕಾ ಒಂದು ಮಧ್ಯಾಹ್ನ ಅವಳ ಕೈಯಿಂದ ನೀರು ಕುಡಿದು ಬಂದದ್ದಕ್ಕೆ ಅಜ್ಜ ಅವನನ್ನು ಬಾರುಕೋಲಿನಿಂದ ಹೊಡೆದಿದ್ದನಂತೆ.

ಆಮೇಲೆ ಬಸ್ಸು ಬಂತು. ಆ ಕಾಲದ ಬಸ್ಸುಗಳಿಗೆ ಏರು ಹತ್ತುವಷ್ಟರಲ್ಲಿ ಹೊಟ್ಟೆ ಕಾಯುತ್ತಿತ್ತು. ಡ್ರೈವರು ಬೇವಿನ ಮರದ ಕೆಳಗೆ ನಿಲ್ಲಿಸುವನು, ನಿಂಗವ್ವ ಕೊಡದಲ್ಲಿ ನೀರು ತರುವಳು, ಇಂಜಿನ್ನಿಗೆ ಅರ್ಧ, ಡ್ರೈವರಿಗೆ ಅರ್ಧ. ಹೀಗೆ ಅದು ನಿಲ್ದಾಣವಾಯಿತು, ನಿಂಗವ್ವನ ಅರವಟಗಿ ಎಂಬ ಹೆಸರೂ ಬಿತ್ತು. ಕಾಕಾ ಬಸ್ಸನ್ನು ಮನುಷ್ಯರಿಗಿಂತ ಹೆಚ್ಚು ಗೌರವದಿಂದ ಕಾಣುತ್ತಿದ್ದುದರ ಕಾರಣವೇ ಅದು. “ಇಂಜಿನ್ನು ಆಕಿ ಜಾತಿ ಕೇಳ್ಲಿಲ್ಲ ಯವ್ವಾ, ಕುಡೀತು” ಎನ್ನುತ್ತಿದ್ದ.

ನಿಂಗವ್ವ ಸತ್ತಳು, ಗಡಿಗೆಗಳು ಒಡೆದವು, ಹೆಸರು ಉಳಿಯಿತು. ಎಂಬತ್ತರ ದಶಕದ ನಡುವೆ ಒಂದು ದಿನ ಸಾಹುಕಾರರ ಓಡಾಟದಿಂದ ಎಣ್ಣಿಯ ಕಂಪನಿ ಅಲ್ಲೊಂದು ತಂಗುದಾಣ ಕಟ್ಟಿಸಿಕೊಟ್ಟಿತು. ಸಿಮೆಂಟಿನ ಮಾಡು, ಕೂರಲು ಕಟ್ಟೆ, ಮೇಲೆ ಹಳದಿ ಬಣ್ಣದಲ್ಲಿ ಆಳೆತ್ತರದ ಕಂಪನಿಯ ಹೆಸರು. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಪಗಾರವಿಲ್ಲದೆ ಯಾರ ಹೆಸರನ್ನೂ ಹೊರಬೇಡವೆಂದು ಕಾಕಾ ಕಲಿಸಿದ್ದಾನೆ.

ಉದ್ಘಾಟನೆಗೆ ಕಂಪನಿಯ ಅಧಿಕಾರಿ ಬಂದಿದ್ದರು, ರಾಜಕಾರಣಿಯೊಬ್ಬರೂ ಬಂದಿದ್ದರು. ಹಾರಗಳೆಲ್ಲ ಬಿದ್ದ ಮೇಲೆ ಕಾಕಾ ಎದ್ದು, “ಸಾಹೇಬ್ರ, ನಿಂಗವ್ವನ ಹೆಸರು ಎಲ್ಲಿ ಬರೀತೀರಿ?” ಎಂದು ಕೇಳಿದ. ಅಧಿಕಾರಿ ಸಾಹುಕಾರರತ್ತ ತಿರುಗಿ ನಿಂಗವ್ವ ಅಂದರೆ ಯಾರು ಎಂದರು.

“ಯಾರಿಲ್ರಿ ಸಾಹೇಬ್ರ” ಎಂದರು ಸಾಹುಕಾರರು.

ಕಾಕಾನಿಗೆ ಬರೆಯದೆ ಬಿಟ್ಟ ಹೆಸರಿಗಿಂತ ಆ ಮಾತು ಹೆಚ್ಚು ನಟ್ಟಿತು. ಮನೆಗೆ ಬಂದು ಊಟಕ್ಕೆ ಕುಳಿತು, ರೊಟ್ಟಿ ಮುರಿಯದೆ, “ಯಾರಿಲ್ಲಂತ ನೋಡು” ಎಂದ. ಎದುರಿಗಿದ್ದದ್ದು ನಾನೋ ಕಾಕಿಯೋ ನೆನಪಿಲ್ಲ. ದನಿ ಮಾತ್ರ ನೆನಪಿದೆ.

ಅವನು ಆ ತಂಗುದಾಣದೊಳಗೆ ಕಾಲಿಡಲಿಲ್ಲ. ಮಾಡಿಗೆ ಅಡ್ಡವೆಂದು ಬೇವಿನ ಕೊಂಬೆಗಳನ್ನು ಕಡಿದಿದ್ದರಿಂದ ವೈಶಾಖದ ಬಿಸಿಲಲ್ಲೇ ಹೊರಗೆ ನಿಲ್ಲುತ್ತಿದ್ದ.

“ನೆರಳಿಗೇನು ಕಂಪನಿ ಹೆಸರು ಅಂಟ್ಯದೇನ್ರಿ? ಒಳಗ ಬರ್ರಿ” ಎಂದಳು ಕಾಕಿ ಒಮ್ಮೆ.

ಕಾಕಾ ಆ ಪ್ರಶ್ನೆಯನ್ನು ಬಹಳ ಹೊತ್ತು ಯೋಚಿಸಿದ. ನಂತರ ಕಟ್ಟಡವನ್ನು ಸುತ್ತುಹಾಕಿ ಅದರ ಹಿಂದೆ ಬಿದ್ದಿದ್ದ ನೆರಳಿನಲ್ಲಿ ಕುಳಿತ. ಹಿಂಬದಿಯ ಗೋಡೆಗೆ ಕಂಪನಿ ಬಣ್ಣ ಬಳಿದಿರಲಿಲ್ಲ. ಹಿಂದೆ ಕುಳಿತವನನ್ನು ಕಾಣದೆ ಎರಡು ಬಸ್ಸು ಮುಂದೆ ಹೋದವು.

ಆದರೆ ಊರವರು ಹೊಸ ಹೆಸರನ್ನು ಎಷ್ಟು ಬೇಗ ಕಲಿತರು! ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮುದುಕರ ಬಾಯಲ್ಲೂ ಕಂಪನಿಯ ಹೆಸರೇ. ಬೋರ್ಡು ದೊಡ್ಡದಿದೆ, ಅದಕ್ಕೇ ಎಂದುಕೊಂಡಿದ್ದೆ. ರಜೆಗೆ ಬಂದಾಗ ಕಾಕಾನಿಗೆ ಹಾಗೆಂದೆ. ಕಂಪನಿಗಳು ಜನರ ನಾಲಿಗೆಯನ್ನು ಹೇಗೆ ಹಿಡಿಯುತ್ತವೆ ಎಂದು ಧಾರವಾಡದಲ್ಲಿ ಕಲಿತ ನಾಲ್ಕು ಮಾತನ್ನೂ ಸೇರಿಸಿದೆ. ಕಾಕಾ ಪೂರ್ತಿ ಕೇಳಿಸಿಕೊಂಡ.

“ಹಂಗಲ್ಲ ಯವ್ವಾ. ಆಕಿ ಕೈಯಾಗಿನ ನೀರು ಒಲ್ಲೆ ಅಂದವ್ರು, ಬಸ್ಸಿನ್ಯಾಗ ಆಕಿ ಹೆಸರು ಹೇಳಿ ಟಿಕೀಟ ತೊಗೋಬೇಕಾಗಿತ್ತು. ದಿನಾ. ಸಾವ್ಕಾರನ್ನ ನೋಡಿಯಿಲ್ಲೋ? ಬೆರಳು ಎತ್ತಿ ತೋರಸ್ತಿದ್ದ, ಬಾಯಿ ಬಿಡ್ತಿದ್ದಿಲ್ಲ. ಈಗ ಹೆಂಗ ಒದರ್ತಾನ ನೋಡು.”

ನೋಡಿದ್ದೆ. ಸಾಹುಕಾರರು ಮೊದಲು ಕಂಡಕ್ಟರಿಗೆ ಒಂದು ಬೆರಳು ಎತ್ತಿ ಸುಮ್ಮನೆ ಕೂರುತ್ತಿದ್ದರು. ಈಗ ಬಸ್ಸಿನ ಆ ತುದಿಗೆ ಕೇಳುವ ಹಾಗೆ ಕಂಪನಿಯ ಹೆಸರು ಹೇಳುತ್ತಿದ್ದರು. ಎರಡನ್ನೂ ಕಂಡಿದ್ದ ನಾನು ಎರಡನ್ನೂ ಕೂಡಿಸಿ ನೋಡಿರಲಿಲ್ಲ. ಕಂಪನಿ ಯಾರ ಬಾಯನ್ನೂ ಕಟ್ಟಿರಲಿಲ್ಲ. ಹೇಳಲಾರದ ಹೆಸರನ್ನು ಹೇಳದಿರಲು ಒಂದು ಅನುಕೂಲ ಮಾಡಿಕೊಟ್ಟಿತ್ತು, ಅಷ್ಟೆ. ಅದಕ್ಕಿಂತ ಹೆಚ್ಚಿನದೇನೂ ಬೇಕಾಗಿರಲಿಲ್ಲ.

ಕಾಕಾ ತನ್ನದೇ ದಾರಿ ಹಿಡಿದ. ನಿಲ್ದಾಣದ ಹಳೆಯ ಹೆಸರನ್ನು ಕಂಡಕ್ಟರ್ ಬಾಯಿಬಿಟ್ಟು ಹೇಳುವ ತನಕ ಟಿಕೆಟ್ ಕೊಳ್ಳುವುದಿಲ್ಲ. ಆ ದಾರಿಗೆ ಬರುತ್ತಿದ್ದವನು ಜೇವರ್ಗಿ ಕಡೆಯ ಹುಡುಗ, ಕಿವಿಗೆ ಪೆನ್ನು ಸಿಕ್ಕಿಸಿಕೊಂಡು ಅವಸರದಲ್ಲಿರುವವನು.

“ಎಲ್ಲಿಗ್ರಿ ಕಾಕಾ?”

“ನಿಂಗವ್ವನ ಅರವಟಗಿ. ನೀ ಒಮ್ಮೆ ಅನ್ನು, ತೊಗೋತೇನಿ.”

“ನೀವು ಅಂದ್ರಲ್ರಿ, ಸಾಕಲ್ಲ?”

“ನನಗ ಗೊತ್ತದ. ನಿನಗ ಗೊತ್ತಾಗಬೇಕು.”

“ಈ ಟಿಕೀಟಿನ ಮ್ಯಾಲೆ ಯಾವ ಹೆಸರೂ ಇರಂಗಿಲ್ರಿ. ಬರೇ ರೊಕ್ಕ ಅಷ್ಟ ಇರ್ತದ. ನೋಡ್ರಿ ಬೇಕಾದ್ರ.”

“ಬರದಿದ್ರ ನಾ ಯಾಕ ಕೇಳ್ತಿದ್ದೆ? ಬರದಿಲ್ಲಂತಽ ಬಾಯಿಲೆ ಅನ್ನು ಅನ್ನಾಕತ್ತೇನಿ.”

“ಆಕಿ ಯಾರಂತ ನನಗ ಗೊತ್ತಿಲ್ರಿ. ನನಗ ಬೋರ್ಡು ಗೊತ್ತದ. ಟಿಕೀಟ ತೊಗೋತೀರೋ, ಇಳೀತೀರೋ?”

ಕಾಕಾ ಇಳಿಯುತ್ತಿದ್ದ. ಹೊಲಗಳ ನಡುವೆ ಒಬ್ಬನೇ ನಡೆದು ಬರುತ್ತಿದ್ದ, ಚೀಲದ ಹೊಲಿಗೆ ಹೊರಗೆ ಮಾಡಿಕೊಂಡು. ಕೆಲವು ಸಲ ನೆರೆಯ ಪ್ರಯಾಣಿಕರು ಕಾಟ ತಾಳಲಾರದೆ ಅವನ ಟಿಕೆಟ್ ತಾವೇ ಕೊಂಡರೆ, “ನಿಮ್ಮ ಊರಿಗಿ ನೀವು ಹೋಗ್ರಿ” ಎಂದು ಹಿಂದಕ್ಕೆ ಕೊಡುತ್ತಿದ್ದ. ಊರಲ್ಲಿ ಅವನಿಗೆ ನಿಂಗವ್ವನ ಗಂಡ ಎಂದು ಹೆಸರಿಟ್ಟರು. ಕಾಕಿ ಅದನ್ನು ಕೇಳಿ, “ಆಕಿಗಿ ಇವರ್ನ ಕೊಟ್ಟುಬಿಟ್ಟಿದ್ರ ನಾ ಆರಾಮ ಇರ್ತಿದ್ದೆ” ಎಂದು ಎಲ್ಲರ ಬಾಯಿ ಮುಚ್ಚಿಸಿದಳು.

ಒಂದು ಸಂತೆಯ ದಿನ ನಾನೂ ಆ ಬಸ್ಸಿನಲ್ಲಿದ್ದೆ. ಕಾಲಿಡಲು ಜಾಗವಿರಲಿಲ್ಲ. ಅದೇ ವಾದ, ಅದೇ ಕಂಡಕ್ಟರ್. ಹಿಂದಿನಿಂದ ಯಾರೋ ಕೂಗಿದರು: “ಕಾಕಾ, ಆಕಿ ನಿನಗೇನಾಗಬೇಕೋ?” ಬಸ್ಸೆಲ್ಲ ನಕ್ಕಿತು. ನನಗೆ ನೆಲ ಬಿರಿಯಬಾರದೇ ಅನಿಸಿತು.

ಕಾಕಾ ಹಿಂದೆ ತಿರುಗಿ, “ಆಕಿ ಕೈಯಾಗಿನ ನೀರು ಕುಡದೇನಿ” ಎಂದ. ಇಷ್ಟೇ. ಮುಂದಿನ ಸೀಟಿನಲ್ಲಿದ್ದ ಸಾಹುಕಾರರು ಕಿಟಕಿಯ ಹೊರಗೆ ನೋಡುತ್ತಿದ್ದರು. ಕಂಡಕ್ಟರ್ ಸೀಟಿ ಊದಿದ. ಕಾಕಾ ಇಳಿದ, ಅವನ ಹಿಂದೆ ನಾನೂ ಇಳಿದೆ. ದಾರಿಯಲ್ಲಿ ನಾವಿಬ್ಬರೂ ಏನೂ ಮಾತಾಡಲಿಲ್ಲ ಎಂದು ನನ್ನ ನೆನಪು. ಬಹಳ ಮಾತಾಡಿದೆವು ಎಂದು ಕಾಕಾ ಹೇಳುತ್ತಿದ್ದ.

ತೊಂಬತ್ತರ ದಶಕ ಬರುವಷ್ಟರಲ್ಲಿ ಆ ಕಂಪನಿ ಬಾಗಿಲು ಹಾಕಿತು. ಸಾಹುಕಾರರ ಅಂಗಡಿಯಲ್ಲಿ ಬೇರೆ ಎಣ್ಣಿ, ಬೇರೆ ಚೀಲ. ಮಾಡಿನ ಮೇಲಿನ ಹಳದಿ ಬಣ್ಣ ಉದುರಿ ಅರ್ಧ ಅಕ್ಷರಗಳಷ್ಟೇ ಉಳಿದವು. ಹೆಸರು ಮಾತ್ರ ಜನರ ಬಾಯಲ್ಲಿ ಗಟ್ಟಿಯಾಗಿ ಕುಳಿತಿತ್ತು. ಹಾಗಾಗಿ ಕಾಕಾನ ಜಗಳವೂ ಮುಗಿಯಲಿಲ್ಲ. ಕಂಡಕ್ಟರಿನ ಕಿವಿಯ ಮೇಲಿನ ಕೂದಲು ಬೆಳ್ಳಗಾಯಿತು, ಪೆನ್ನು ಅಲ್ಲೇ ಇತ್ತು.

ಒಂದು ಚಳಿಗಾಲ ಕಾಕಾನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತು ಹೋಯಿತು. ಗುಲಬರ್ಗಾದ ದವಾಖಾನೆಯವರು ಇನ್ನು ಮನೆಗೆ ಒಯ್ಯಿರಿ ಎಂದಾಗ ಕಾರು ಮಾಡೋಣವೆಂದೆ. ಕಾಕಾ ತಲೆ ಅಲ್ಲಾಡಿಸಿದ. ಕಾಕಿಗೆ ಅರ್ಥವಾಯಿತು. “ಬಸ್ಸಿಗೇ ನಡೀರಿ. ಅಲ್ಲೇನು ಬಾಕಿ ಉಳದದೋ ಏನೋ” ಎಂದಳು.

ನಡುವೆ ಅವನನ್ನು ಕೂರಿಸಿ ನಾವಿಬ್ಬರೂ ಅಕ್ಕಪಕ್ಕ ಹಿಡಿದುಕೊಂಡೆವು. ಬಂದವನು ಅದೇ ಕಂಡಕ್ಟರ್. ಕಾಕಾನನ್ನು ನೋಡಿದ, ಸೊಟ್ಟಗಾದ ಬಾಯಿಯನ್ನು ನೋಡಿದ. ಎಲ್ಲಿಗೆಂದು ಕೇಳಲಿಲ್ಲ. ಕಾಕಿ ಕೊಟ್ಟ ರೊಕ್ಕ ತೆಗೆದುಕೊಂಡು ಮೂರು ಟಿಕೆಟ್ ಹರಿದುಕೊಟ್ಟು ಮುಂದೆ ಹೋದ.

ದಾರಿಯುದ್ದಕ್ಕೂ ಕಾಕಾನ ಎಡಗೈ ಮುಷ್ಟಿ ಕಟ್ಟಿಯೇ ಇತ್ತು. ಅದಕ್ಕೂ ಲಕ್ವಾ ಬಡಿಯಿತೇನೋ ಎಂದು ಹೆದರಿ ಬೆರಳು ಬಿಡಿಸಲು ನೋಡಿದೆ. ಬಿಡಲಿಲ್ಲ.

ಬೇವಿನ ಮರ ಕಂಡಿತು. ಬಸ್ಸು ನಿಂತಿತು. ಕಂಡಕ್ಟರ್ ಬಂದು, ಎಂದಿನ ಅವಸರವಿಲ್ಲದೆ, ಕಾಕಾನ ಮುಂದೆ ಬಗ್ಗಿದ.

“ಕಾಕಾರ, ನಿಂಗವ್ವನ ಅರವಟಗಿ ಬಂತ್ರಿ.”

ಆಮೇಲೆ ನೆಟ್ಟಗೆ ನಿಂತು, ಬಸ್ಸಿನ ಹಿಂದಿನ ಸೀಟಿಗೆ ಕೇಳುವ ಹಾಗೆ ಕೂಗಿದ: “ನಿಂಗವ್ವನ ಅರವಟಗಿ, ನಿಂಗವ್ವನ ಅರವಟಗಿ. ಮತ್ತ ಯಾರರೆ ಇಳಿಯೋರದಾರೇನ್ರಿ?”

ಕಾಕಾನ ಮುಷ್ಟಿ ತೆರೆಯಿತು. ಒಳಗೆ ಬೆವರಿನಿಂದ ಒದ್ದೆಯಾದ ಚಿಲ್ಲರೆ. ಅದನ್ನು ಯಾವಾಗ, ಯಾರ ಕಿಸೆಯಿಂದ ಹಿಡಿದುಕೊಂಡಿದ್ದನೋ ಕಾಕಿಗೂ ತಿಳಿಯದು. ಟಿಕೆಟ್ ಆಗಿದೆಯೆಂದು ಹೇಳಲು ನಾನು ಬಾಯಿ ತೆರೆದೆ. ಕಂಡಕ್ಟರ್ ನನ್ನತ್ತ ನೋಡಲೂ ಇಲ್ಲ. ಚಿಲ್ಲರೆ ತೆಗೆದುಕೊಂಡ, ಇನ್ನೊಂದು ಟಿಕೆಟ್ ಹರಿದ, ಆ ಅಂಗೈಯಲ್ಲಿಟ್ಟು ಬೆರಳುಗಳನ್ನು ಒಂದೊಂದಾಗಿ ಮಡಿಸಿದ. ನಂತರ ಡ್ರೈವರನ್ನು ಕರೆದ. ಇಬ್ಬರೂ ಸೇರಿ ಕಾಕಾನನ್ನು ಎತ್ತಿ ಬೇವಿನ ಮರದ ಕೆಳಗೆ ಕೂರಿಸಿದರು.

ಬಸ್ಸು ಹೋಯಿತು. ಕಾಕಿ ಸೆರಗಿನಿಂದ ಕಾಕಾನ ಬಾಯಿ ಒರೆಸಿದಳು, ತನ್ನ ಕಣ್ಣನ್ನೂ ಒರೆಸಿಕೊಂಡಳು.

“ನೋಡವ್ವಾ,” ಎಂದಳು, “ಇವತ್ತ ಬಸ್ಸಿನವ್ರು ನಿಮ್ಮ ಕಾಕಾಗ ಇಳಿಯೋ ಜಾಗಕ್ಕಽ ಇಳಿಸ್ಯಾರ.”