ನನ್ನ ಯುದ್ಧಕ್ಕೆ ಭಾವಮೈದನ ಪಟ

ಯುದ್ಧ ಸಾರುವ ಅಧಿಕಾರವನ್ನು ದಿಲ್ಲಿಯವರ ಕೈಗೇ ಬಿಟ್ಟರೆ ದೇಶ ಉದ್ಧಾರವಾಗುವುದಿಲ್ಲ, ನಂಜನಗೂಡಿನಿಂದ ನಾನೇ ಒಂದು ಕೈ ನೋಡಬೇಕು ಎಂದು ೨೦೦೯ರ ಚುನಾವಣೆಯ ಹೊತ್ತಿಗೆ ತೀರ್ಮಾನಿಸಿಬಿಟ್ಟೆ! ತಾಂಡ್ಯದ ಕಾರ್ಖಾನೆಯೊಂದರಲ್ಲಿ ನಾನು ಸ್ಟೋರ್ ಕೀಪರ್. ಒಂದು ಸ್ಕ್ರೂ ಕೊಡಬೇಕಾದರೂ ಸೂಪರ್‌ವೈಸರ್ ಸಹಿ ಬೇಕು. ಸಂಜೆ ಸೈಬರ್ ಕೆಫೆಯಲ್ಲಿ ಆರ್ಕುಟ್ ತೆರೆದೆನೆಂದರೆ ಮಾತ್ರ ಮೂರೂ ಸೇನೆಗಳು ನನ್ನ ಬೆರಳ ತುದಿಯಲ್ಲಿ! "ಪಾರ್ಲಿಮೆಂಟನ್ನು ಕೇಳುತ್ತ ಕೂರಬೇಡಿ, ಇಂದೇ ಗಡಿ ದಾಟಿ ನುಗ್ಗಿ" ಎಂದು ಆಜ್ಞೆ ಹೊರಡಿಸುತ್ತಿದ್ದೆ.

ನನ್ನ ಬೋಳುತಲೆಯ ಪಟಕ್ಕೆ ಯಾರೂ ಸೊಪ್ಪು ಹಾಕಲಿಲ್ಲ. ಕಾಶ್ಮೀರದ ಗಡಿಯಲ್ಲಿದ್ದ ಭಾವಮೈದ ಶಿವಮೂರ್ತಿಯ ಯೂನಿಫಾರ್ಮಿನ ಪಟವನ್ನು ಆ ಜಾಗಕ್ಕೆ ಅಂಟಿಸಿದೆ. ಆಮೇಲೆ ನೋಡಿ, ಜೈಕಾರವೋ ಜೈಕಾರ! ಅದೇ ಪಟದಡಿ, "ಪ್ರಚಾರಕ್ಕೆ ಯೋಧರನ್ನು ಬಳಸುವ ಪಕ್ಷಗಳಿಗೆ ಧಿಕ್ಕಾರ" ಎಂದೂ ಬರೆದೆ. ನಾಚಿಕೆ ಎಂಬುದು ಆಗ ನನ್ನ ಸ್ಟೋರಿನಲ್ಲಿ ಸ್ಟಾಕ್ ಇರಲಿಲ್ಲ.

"ರೀ, ನನ್ ತಮ್ಮನ್ ಪಟ ನಿಮ್ಗ್ಯಾಕೆ?" ಎಂದಳು ಹೆಂಡತಿ ಯಶೋಧರಾ.

"ದೇಶಸೇವೆ ಕಣೇ!"

"ಸೇವೆ ಮಾಡ್ತಿರೋನು ಅವ್ನು. ನೀವು ಬರೀ ಟೈಪ್ ಮಾಡ್ತಿದ್ದೀರ."

ಒಂದು ಭಾನುವಾರ ಟಿ. ನರಸೀಪುರದಿಂದ ಫೋನು. ಮೂಗೂರಿನಿಂದ ಬಂದಿದ್ದ ಅತ್ತೆ ಪಾಪಮ್ಮ ಬಸ್ ಸ್ಟ್ಯಾಂಡಿನಲ್ಲಿ ಕುಸಿದುಬಿದ್ದಿದ್ದಾರಂತೆ. ಓಡಿದೆವು. ಅಲ್ಲೊಂದು ಆಳೆತ್ತರದ ಚುನಾವಣಾ ಫ್ಲೆಕ್ಸ್. ಕೈಮುಗಿದ ಅಭ್ಯರ್ಥಿ, ಪಕ್ಕದಲ್ಲಿ ನಮ್ಮ ಶಿವಮೂರ್ತಿ! ಕೊರಳಲ್ಲಿ ಗುಲಾಬಿ ಹಾರ, ಕೆಳಗೆ ಉರಿಯುವ ದೀಪ! ಅತ್ತೆ ಎದೆ ಬಡಿದುಕೊಳ್ಳುತ್ತಿದ್ದರು, "ಅಯ್ಯೋ ಕಂದಾ, ನಂಗೊಂದ್ ಮಾತ್ ಏಳ್ದಂಗೆ ಓಗ್ಬುಟ್ಯಲ್ಲೋ!"

ಫ್ಲೆಕ್ಸ್ ಅಂಗಡಿಯ ಪ್ರಸಾದ್ ಆರ್ಕುಟ್‌ನಲ್ಲಿ ನನ್ನ ಪರಮ ಅಭಿಮಾನಿ. ಅವನಿಗೆ ಫೋನು ಮಾಡಿ ಕೂಗಾಡಿದೆ. "ಬದುಕಿರೋನಿಗೆ ಹಾರ ಹಾಕಿದ್ದೀಯಲ್ಲೋ!"

"ಪಾರ್ಟಿಯೋರು ಯೋಧನ ಪಟ ಕೇಳುದ್ರು ಸಾ, ನಿಮ್ ಆರ್ಕುಟ್ಟಿಂದ ತಗೊಂಡೆ. ಫ್ಲೆಕ್ಸಲ್ಲಿ ಸೈನಿಕ ಅಂದ್ಮೇಲೆ ಆರ ಇರ್ಲೇಬೇಕಲ್ವಾ?"

ಶಿವಮೂರ್ತಿ ಬದುಕಿದ್ದಾನೆಂದು ಅತ್ತೆಯ ಕಾಲು ಮುಟ್ಟಿ ಹೇಳಿದೆ. "ಅಂಗಾದ್ರೆ ಅವ್ನ್ ಮಾತ್ ಕೇಳ್ಸಿ" ಎಂದರು. ಗಡಿಗೆ ಫೋನು ಸಿಗಲಿಲ್ಲ. ಎರಡು ದಿನ ಅವರು ಒಂದು ತುತ್ತೂ ಉಣ್ಣಲಿಲ್ಲ. ಅಷ್ಟರಲ್ಲಿ ಯಶೋಧರಾ ನನ್ನ ಆರ್ಕುಟ್ ಪ್ರತಾಪವನ್ನೆಲ್ಲ ಒಂದೂ ಬಿಡದೆ ತಾಯಿಗೆ ಹೇಳಿಯಾಗಿತ್ತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮೂರನೇ ದಿನ ಫೋನಿನಲ್ಲಿ ಶಿವಮೂರ್ತಿಯ ದನಿ ಕೇಳಿತು, "ಅವ್ವಾ, ಉಂಡ್ಯಾ?"

ಅತ್ತೆ ಮನಸಾರೆ ಅತ್ತರು. ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಮೆಲ್ಲಗೆ ಕೇಳಿದರು:

"ಯುದ್ಧ ಬೇಕು ಅಂತ ಬರ್ದೋರು ನೀವು, ಅಳಿಯಂದ್ರೇ. ಆರ ಆಕ್ಸೋಕೆ ನಿಮ್ ಪಟ ಇರ್ನಿಲ್ವಾ?"