ದೊಡ್ಡ ಗಾಡಿ ಬೇಡ ಎಂದು ಆದೇಶ ಕೊಡುವ ಕುರಿತು

ಇಂದ:
ಲಿಂಗಣ್ಣ, ಟೋಕನ್ ನಂ. 1174,
ಬ್ಯಾಟರಿ ಫೋರ್ಕ್‌ಲಿಫ್ಟ್ ಆಪರೇಟರ್, ಉಗ್ರಾಣ ವಿಭಾಗ,
ವಾಸ: ಲಿಂಗಂಪಲ್ಲಿ, ಹೈದರಾಬಾದ್.

ಗೆ:
ಶ್ರೀ ಕಾಶಿನಾಥ ಅವರು,
ಸಹಾಯಕ ಆಡಳಿತಾಧಿಕಾರಿಗಳು,
ನೌಕರರ ವಾಹನ ಖರೀದಿ ಅನುಮತಿ ಶಾಖೆ,
ನಮ್ಮ ಘಟಕ, ಹೈದರಾಬಾದ್.

ದಿನಾಂಕ: 14-11-2025

ವಿಷಯ: ಎಲೆಕ್ಟ್ರಿಕ್ ಎಸ್‌ಯುವಿ ಕೊಳ್ಳಲು ಅರ್ಜಿದಾರನೇ ಕೋರಿದ್ದ ಅನುಮತಿಯನ್ನು ನಿರಾಕರಿಸಿ, ಅವನ ಹೆಂಡತಿ ಆರಿಸಿದ ಗಾಡಿಯನ್ನೇ ಕೊಳ್ಳತಕ್ಕದ್ದೆಂದು ಆದೇಶಿಸುವ ಬಗ್ಗೆ, ಆ ಮೂಲಕ ಒಂದು ಮೀಸೆಯನ್ನು ಉಳಿಸಿಕೊಡುವ ಬಗ್ಗೆ.

ಉಲ್ಲೇಖ:
1. ವಾಹನ ಖರೀದಿ ಪೂರ್ವಾನುಮತಿ ನಮೂನೆ, ದಿ. 3-11-2025 (ಸಿಟ್ಟಿನಲ್ಲಿ ಭರ್ತಿ ಮಾಡಿದ್ದು).
2. ಉಗ್ರಾಣದ ಗೋಡೆಯ ಮೇಲಿನ ಸುರಕ್ಷತಾ ಸೂಚನೆ: "ಮುಂದೆ ಕಾಣದಿದ್ದರೆ ಹಿಂದಕ್ಕೆ ನಡೆಸು."
3. ದಿ. 26-10-2025ರ ಭಾನುವಾರ ಊಟದ ನಡುವೆ ಅರ್ಜಿದಾರನು ಮಾಡಿದ ಶಪಥ (ಬಾಯಿಮಾತಿನದು; ಸಾಕ್ಷಿ: ಹೆಂಡತಿಯ ತಮ್ಮ ಮಲ್ಲು).

ಮಾನ್ಯರೇ,

ಅರ್ಜಿದಾರನು ಸುತ್ತಿ ಬಳಸದೆ ತಿಳಿಸುವುದೇನೆಂದರೆ, ಅವನು ತಪ್ಪು ಮಾಡಿದ್ದಾನೆ. ಈ ಮಾತನ್ನು ಮನೆಯಲ್ಲಿ ಹೇಳುವ ಹಾಗಿಲ್ಲ. ಆದಕಾರಣ ಕಚೇರಿಗೆ ಹೇಳುತ್ತಿದ್ದಾನೆ. ತಾವು ದೇವದುರ್ಗದ ಕಡೆಯವರಾದ್ದರಿಂದ ಅರ್ಜಿ ಕನ್ನಡದಲ್ಲಿದೆ. ಇಂಗ್ಲಿಷಿನಲ್ಲಿ ಬೇಕೆಂದರೆ ಬೇರೆಯವರ ಕೈಯಲ್ಲಿ ಬರೆಸಬೇಕು. ಬರೆದುಕೊಡುವವನಿಗೆ ವಿಷಯ ತಿಳಿದರೆ ಮಧ್ಯಾಹ್ನದೊಳಗೆ ಕ್ಯಾಂಟೀನಿಗೂ ತಿಳಿಯುತ್ತದೆ.

1. ಅರ್ಜಿದಾರನು ಇಪ್ಪತ್ತನಾಲ್ಕು ವರ್ಷಗಳಿಂದ ಉಗ್ರಾಣದಲ್ಲಿ ಬ್ಯಾಟರಿ ಫೋರ್ಕ್‌ಲಿಫ್ಟ್ ನಡೆಸುತ್ತಿದ್ದಾನೆ. ಆದ್ದರಿಂದ ಕರೆಂಟಿನ ಗಾಡಿಯ ವಿಷಯದಲ್ಲಿ ಈ ಊರಿನಲ್ಲಿ ತನಗಿಂತ ಹಳಬ ಯಾರೂ ಇಲ್ಲವೆಂದು ಅವನ ತಿಳುವಳಿಕೆ. ಮುಂದಿನ ಎಲ್ಲ ಅನಾಹುತಕ್ಕೂ ಈ ತಿಳುವಳಿಕೆಯೇ ಮೂಲ. ಅವನ ಹೆಂಡತಿ ದಾನೇಶ್ವರಿ ಜೀಡಿಮೆಟ್ಲಾದ ಒಂದು ಗುಳಿಗೆ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಸೂಪರ್‌ವೈಸರ್. ಬೆಳಿಗ್ಗೆ ಅರ್ಜಿದಾರನನ್ನು ಗೇಟಿನಲ್ಲಿ ಇಳಿಸಿ ಅವಳು ಜೀಡಿಮೆಟ್ಲಾಕ್ಕೆ ಹೋಗುವುದು, ಸಂಜೆ ಬಂದು ಹತ್ತಿಸಿಕೊಳ್ಳುವುದು, ದಾರಿಯಲ್ಲಿ ತರಕಾರಿ: ದಿನಕ್ಕೆ ಹೆಚ್ಚೆಂದರೆ ಐವತ್ತು ಕಿಲೋಮೀಟರ್. ಇಷ್ಟಕ್ಕೆ ಒಂದು ಎಲೆಕ್ಟ್ರಿಕ್ ಗಾಡಿ ಬೇಕೆಂದು ಇಬ್ಬರೂ ಒಪ್ಪಿದರು. ಇಬ್ಬರೂ ಒಪ್ಪಿದ ಕಡೆಯ ವಿಷಯ ಅದು.

2. ನೋಡಿದ್ದು ಎರಡು ಗಾಡಿ. ಕಂಪನಿಗಳ ಹೆಸರು ಬರೆದರೆ ಕಚೇರಿಯಿಂದಲೇ ಜಾಹೀರಾತು ಮಾಡಿಸಿದಂತಾಗುತ್ತದೆ. ಆದಕಾರಣ ಒಂದನ್ನು ಗಿಡ್ಡ ಗಾಡಿ, ಇನ್ನೊಂದನ್ನು, ಅಂದರೆ ಎಸ್‌ಯುವಿಯನ್ನು, ದೊಡ್ಡ ಗಾಡಿ ಎಂದು ಕರೆಯಲಾಗಿದೆ.

3. ಗಿಡ್ಡ ಗಾಡಿಯನ್ನು ಹಿಮಾಯತ್‌ನಗರದ ಅಂಗಡಿಯಲ್ಲಿ ನೋಡಲಾಯಿತು. ಅರ್ಜಿದಾರನು ಬಾನೆಟ್ ಎತ್ತಿಸಿ, ಡಿಸ್ಟಿಲ್ಡ್ ವಾಟರ್ ಎಲ್ಲಿ ಹಾಕಬೇಕೆಂದು ಕೇಳಿದನು. ನಮ್ಮ ಫೋರ್ಕ್‌ಲಿಫ್ಟಿನ ಬ್ಯಾಟರಿಗೆ ವಾರಕ್ಕೊಮ್ಮೆ ಹಾಕುವುದು ತಮಗೂ ಗೊತ್ತಿದೆ. ಮಾರುವವನು ನಕ್ಕನು. ನಕ್ಕು, "ಅಂಕಲ್, ಯೇ ಇನ್ವರ್ಟರ್ ನಹೀ ಹೈ" ಎಂದನು. ಅರ್ಜಿದಾರನಿಗೆ ಸಿಟ್ಟು ಬಂತು. ಅವನ ಸಿಟ್ಟಿನ ಬಗ್ಗೆ ಕಚೇರಿಯಲ್ಲಿ ಪ್ರತ್ಯೇಕ ಕಡತ ಇರುವುದರಿಂದ ಇಲ್ಲಿ ವಿವರಿಸುವುದಿಲ್ಲ. ಅವನು ಹೊರಗೆ ಬಂದು ರಸ್ತೆಯಲ್ಲಿ ನಿಂತನು. ದಾನೇಶ್ವರಿ ಒಳಗೇ ಕೂತು ಅವರು ಕೊಟ್ಟ ಚಹಾ ಕುಡಿದು, ಅರ್ಜಿದಾರನ ಪಾಲಿನ ಚಹಾವನ್ನೂ ಕುಡಿದು, ಗಾಡಿಯನ್ನು ಎರಡು ಸಲ ಓಡಿಸಿ, ಮುಕ್ಕಾಲು ಗಂಟೆಯ ಮೇಲೆ ಹೊರಗೆ ಬಂದಳು.

"ಗಾಡಿ ಭಾಳ ಚಲೋ ಐತ್ರಿ," ಎಂದಳು.

"ನಕ್ಕಾನ ಅಂವ," ಎಂದನು ಅರ್ಜಿದಾರ.

"ಅಂವ ನಕ್ರ ಗಾಡಿ ಏನ್ ಮಾಡ್ತೈತ್ರಿ? ಗಾಡಿ ನಕ್ಕಿಲ್ಲಲ್ಲ."

4. ಅದೇ ದಿನ ಮಧ್ಯಾಹ್ನ ಮಲ್ಲು ಊಟಕ್ಕೆ ಬಂದಿದ್ದನು. ಇವನು ಕಟ್ಟಡ ಕೆಲಸದ ಮೇಸ್ತ್ರಿ. ಇಟ್ಟಿಗೆಯ ಮೇಲೆ ಇಟ್ಟಿಗೆ ಇಡುವುದಕ್ಕಿಂತ ಮಾತಿನ ಮೇಲೆ ಮಾತು ಇಡುವುದರಲ್ಲಿ ಗಟ್ಟಿಗ. ರೊಟ್ಟಿ ಮುರಿಯುತ್ತಾ, "ಮಾವ, ಅಕ್ಕ ಗಾಡಿ ಆರಿಸಿದ್ಲಂತ. ನಿಮಗ ಕೂಡಾಕರ ಜಾಗ ಐತಿಲ್ಲೋ ಅದರಾಗ?" ಎಂದು ಕೇಳಿದನು. ಅರ್ಜಿದಾರನು ತಟ್ಟೆ ಸರಿಸಿ, "ನಾ ನನ್ನ ಮನಸ್ಸಿಲೆ ಆ ಗಿಡ್ಡ ಗಾಡಿ ತಂದ್ರ ಈ ಮೀಸಿ ಇರೂದಿಲ್ಲ. ಬೋಳಿಸಿ ನಿನ್ನ ಕೈಯಾಗ ಕೊಡ್ತೀನಿ," ಎಂದನು. ಶಪಥ ಮಾಡೆಂದು ಯಾರೂ ಕೇಳಿರಲಿಲ್ಲ. ಮರುದಿನ ಬೆಳಿಗ್ಗೆ ಮಲ್ಲು ಹೊಸ ಬ್ಲೇಡಿನ ಪೊಟ್ಟಣ ತಂದು ಕನ್ನಡಿಯ ಹತ್ತಿರ ಇಟ್ಟು, "ಇರ್ಲಿ ಮಾವ, ಒಮ್ಮೆಲೇ ಬೇಕಾದ್ರ ಎಲ್ಲಿ ಹುಡಕ್ತೀರಿ?" ಎಂದು ಹೇಳಿ ಕೆಲಸಕ್ಕೆ ಹೋದನು.

5. ಇಷ್ಟಾದ ಮೇಲೆ ದೊಡ್ಡ ಗಾಡಿಯೇ ಚೆನ್ನಾಗಿರಬೇಕಾದ್ದು ಅನಿವಾರ್ಯವಾಯಿತು. ದಿ. 1-11-2025ರಂದು ಅದನ್ನು ಓಡಿಸಿ ನೋಡಲಾಯಿತು. ಜೊತೆಗೆ ಕಂಪನಿಯ ವೈಭವ ಎಂಬುವರು ಮುಂದಿನ ಸೀಟಿನಲ್ಲಿ, ದಾನೇಶ್ವರಿ ಹಿಂದಿನ ಸೀಟಿನಲ್ಲಿ. ಗಾಡಿಯ ಬಾನೆಟ್ಟು ಸ್ವಾಮಿಗಳ ಅಡ್ಡಪಲ್ಲಕ್ಕಿಯ ಹಾಗೆ ಎತ್ತರ. ಅರ್ಜಿದಾರನು ಐದು ಅಡಿ ಮೂರು ಅಂಗುಲ. ಮುಂದೆ ಬಾನೆಟ್ಟು ಮತ್ತು ಆಕಾಶ ಬಿಟ್ಟು ಬೇರೇನೂ ಕಾಣಲಿಲ್ಲ. ಆದರೆ ಹಿಂದಿನ ಕ್ಯಾಮೆರಾ ಹಾಕಿದ ಕೂಡಲೇ ಬಾಗಿಲಗಲದ ಪರದೆಯ ಮೇಲೆ ಹಿಂದಿನ ರಸ್ತೆ ನಿಚ್ಚಳವಾಗಿ ಬಂತು, ಹಳದಿ ಗೆರೆಯ ಸಮೇತ. ಉಲ್ಲೇಖ 2ರ ಸೂಚನೆ ಏನು ಹೇಳುತ್ತದೆ? ಹೊರೆ ಕಣ್ಣಿಗೆ ಅಡ್ಡ ಬಂದರೆ ಹಿಂದಕ್ಕೆ ನಡೆಸು ಎನ್ನುತ್ತದೆ. ಅದನ್ನು ಇಪ್ಪತ್ತನಾಲ್ಕು ವರ್ಷ ತಪ್ಪದೆ ಪಾಲಿಸಿದ್ದಕ್ಕೆ ಇದೇ ಕಚೇರಿ ಪ್ರಶಸ್ತಿಪತ್ರ ಕೊಟ್ಟಿದೆ. ಆದ್ದರಿಂದ ಅರ್ಜಿದಾರನು ಸರ್ವಿಸ್ ರಸ್ತೆಯಲ್ಲಿ ಒಂದೂಕಾಲು ಕಿಲೋಮೀಟರ್ ಹಿಮ್ಮುಖವಾಗಿ ನಡೆಸಿದನು.

ಅಲ್ಲಿಯವರೆಗೆ ಹಿಂದಿಯಲ್ಲಿ "ಸರ್, ಸರ್" ಎನ್ನುತ್ತಿದ್ದ ವೈಭವ ಅವರು ಮೊದಲ ತಿರುವಿನಲ್ಲಿ ಕನ್ನಡಕ್ಕೆ ಬಂದರು.

"ಯಪ್ಪಾ, ನಿಂದ್ರಸ್ರೀ. ಮನ್ಯಾಗ ಸಣ್ಣ ಕೂಸೈತಿ."

"ಅಲಾ, ನಮ್ಮವ್ರ ಏನ್ರಿ ನೀವು? ಯಾವೂರು?"

"ಕುಷ್ಟಗಿ ರೀ. ರೋಡ್ ನೋಡ್ರಿ."

"ನೋಡಾಕತ್ತೀನಲ್ಲ, ಟಿವಿಯಾಗ."

ಒಬ್ಬ ಆಟೋದವನು ಪಕ್ಕಕ್ಕೆ ಬಂದು, "ಕ್ಯಾ ಚಾಚಾ, ಉಲ್ಟಾ ಕೈಕೂ ಜಾರೈಂ?" ಎಂದು ಹಿಂದಕ್ಕೆ ಹೋಗುವ ಕಾರಣ ಕೇಳಿ, ಉತ್ತರಕ್ಕೆ ಕಾಯದೆ ಸಲಾಮು ಹೊಡೆದು ಹೋದನು. ಹಿಂದಿನ ಸೀಟಿನ ದಾನೇಶ್ವರಿ ಮಾತ್ರ ಕೈ ಕಟ್ಟಿ ಕೂತು, "ಇರ್ಲಿ ಬಿಡ್ರಿ, ಜೀವನದಾಗ ಒಮ್ಮೆರ ನಾ ನಿಮಗಿಂತ ಮುಂದ ಹೊಂಟೀನಿ," ಎಂದಳು. ಇಳಿದ ಮೇಲೆ ಅರ್ಜಿದಾರನು ಗಾಡಿ ಚಲೋ ಇದೆ ಎಂದನು. ಮೀಸೆ ಹಾಗೆ ಹೇಳಿಸಿತು. ಸೋಮವಾರ ಬಂದು ಉಲ್ಲೇಖ 1ರ ನಮೂನೆಯಲ್ಲಿ ದೊಡ್ಡ ಗಾಡಿಯ ಹೆಸರನ್ನು ಪೆನ್ನು ಒತ್ತಿ ಬರೆದು ಕೊಟ್ಟನು. ಹಾಳೆ ಎರಡು ಕಡೆ ಹರಿದದ್ದಕ್ಕೆ ಕ್ಷಮೆ ಇರಲಿ.

6. ದಾನೇಶ್ವರಿ ಜಗಳ ಮಾಡಲಿಲ್ಲ. ಅವಳು ಜಗಳ ಮಾಡಿದ್ದರೆ ಅರ್ಜಿದಾರನು ಗೆಲ್ಲುತ್ತಿದ್ದನು. ಅವಳು ಬಟ್ಟೆ ಒಣಗಿಸುವ ಹಗ್ಗ ಬಿಚ್ಚಿಕೊಂಡು ಕೆಳಗೆ ಹೋಗಿ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗ ಅಳೆದಳು. ಅದು ಒಂದು ಕಂಬ ಮತ್ತು ನೀರಿನ ಮೋಟಾರಿನ ನಡುವೆ ಇದೆ. ನಂತರ ಕಂಪನಿಯವರು ಕೊಟ್ಟ ಪುಸ್ತಕದಲ್ಲಿದ್ದ ಅಳತೆ ನೋಡಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡ ಗಾಡಿ ಬರೆದು, ಒಳಗೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿ, "ಕೂಡ್ರಿ," ಎಂದಳು. ಅರ್ಜಿದಾರನು ಕೂತನು.

"ಈಗ ಬಾಗಲಾ ತಗದು ಇಳೀರಿ ನೋಡೂಣು."

ಅರ್ಜಿದಾರನು ಇಲ್ಲದ ಬಾಗಿಲನ್ನು ತೆರೆದನು. ಮೊಣಕೈ ನಿಜವಾಗಿ ಇದ್ದ ಕಂಬಕ್ಕೆ ಬಡಿಯಿತು.

"ಈ ಕಡಿಂದ ಇಳೀತೀನಿ ತಗೊ."

"ಆ ಕಡಿ ಮೋಟಾರ್ ಐತ್ರಿ. ಡಿಕ್ಕಿಯಿಂದ ಇಳೀರಿ. ಹೆಂಗೂ ನಿಮಗ ಹಿಂದಿಂದ ರೂಢಿ ಐತಿ."

ಮಹಡಿಯ ಮೇಲಿಂದ ಮೂರು ಮನೆಯವರು ನೋಡುತ್ತಿದ್ದರು. ಅರ್ಜಿದಾರನು ಸುಣ್ಣದ ಗೆರೆ ದಾಟಿ ಸುಮ್ಮನೆ ನಡೆದು ಬರಬಹುದಿತ್ತು. ಬರಲಿಲ್ಲ. ಕುರ್ಚಿಯ ಮೇಲಿಂದ ಎದ್ದು, ಬಗ್ಗಿ, ಡಿಕ್ಕಿಯಿಂದಲೇ ಇಳಿದನು. ಮಾತೆಂದರೆ ಮಾತು.

7. ದೊಡ್ಡ ಗಾಡಿಯ ಪರವಾಗಿ ಉಳಿದಿದ್ದ ಒಂದೇ ವಾದ, ಮಸ್ಕಿ ಹತ್ತಿರದ ನಮ್ಮೂರನ್ನು ಅದು ಒಂದೇ ಚಾರ್ಜಿಗೆ ಮುಟ್ಟುತ್ತದೆ ಎಂಬುದು. ಗಿಡ್ಡ ಗಾಡಿ ರಾಯಚೂರಿನಲ್ಲಿ ನಿಲ್ಲಬೇಕು. "ನಿಲ್ಲಲಿ, ಅಕ್ಕನ ಮನ್ಯಾಗ ಊಟ ಮಾಡೂದ್ರಾಗ ಚಾರ್ಜ್ ಆಗ್ತೈತಿ. ವರ್ಷದಾಗ ಮೂರು ಸಲ ಊರಿಗಿ ಹೋಗಾಕ ದಿನಾ ಆನಿ ಸಾಕೂದು ಏನ್ರಿ?" ಎಂದಳು ದಾನೇಶ್ವರಿ. ಅವಳ ಅಕ್ಕನ ಮನೆಯಲ್ಲಿ ನಿಲ್ಲದೆ ಹೋಗಬಹುದೆಂಬುದೇ ಒಂದೇ ಚಾರ್ಜಿನ ನಿಜವಾದ ಉಪಯೋಗ ಎಂಬುದನ್ನು ಅರ್ಜಿದಾರನು ಹೇಳಲಿಲ್ಲ. ಇದು ಗೌಪ್ಯ.

8. ಈಗ ಮುಖ್ಯ ವಿಷಯ. ಕಳೆದ ಭಾನುವಾರ ಗಿಡ್ಡ ಗಾಡಿಯವರು ಮನೆಯ ಹತ್ತಿರವೇ ಓಡಿಸಿ ನೋಡಲೆಂದು ಒಂದು ದಿನಕ್ಕೆ ಗಾಡಿ ಬಿಟ್ಟರು. ಹಿಂದಿನ ಸಂಜೆಯೇ ತಂದು ನಿಲ್ಲಿಸಿದ್ದರು. ಬೆಳಿಗ್ಗೆ ಐದೂವರೆಗೆ ಅರ್ಜಿದಾರನು ಹಾಲು ತರಲು ಕೆಳಗೆ ಇಳಿದನು. ಕೈಯಲ್ಲಿ ಹಾಲಿನ ಚೀಲ ಇತ್ತು. ಗಾಡಿಯ ಕೀಲಿ ಹೇಗೆ ಬಂತೆಂಬುದು ತನಿಖೆಯ ವಿಷಯ.

ಟೈರು ನೋಡಿ ಬರೋಣವೆಂದು ಹತ್ತಿದನು. ಕೂತರೆ ರಸ್ತೆ ಕಂಡಿತು. ಪೂರ್ತಿ ರಸ್ತೆ, ಬೆಕ್ಕಿನ ಸಮೇತ. ಕೈ ಎಲ್ಲಿ ಹೋಯಿತೋ ಅಲ್ಲಿ ಗುಂಡಿ ಇತ್ತು. ಒಂದು ಸದ್ದಿಲ್ಲ, ಒಂದು ನಡುಕವಿಲ್ಲ, ನಮ್ಮ ಫೋರ್ಕ್‌ಲಿಫ್ಟ್ ಹೊಸದಾಗಿ ಬಂದ ದಿನದ ಹಾಗೆ ಮುಂದಕ್ಕೆ ಜಾರಿತು. ಮಾನ್ಯರೇ, ಫೋರ್ಕ್‌ಲಿಫ್ಟ್ ಎಂಬುದು ನಿಂತ ಜಾಗದಲ್ಲೇ ತಿರುಗುವ ಪ್ರಾಣಿ. ಅದನ್ನು ಅಷ್ಟು ವರ್ಷ ತಿರುಗಿಸಿದವನಿಗೆ ರಸ್ತೆಯ ಗಾಡಿಗಳೆಲ್ಲ ಕೆಸರಿಗಿಳಿದ ಎಮ್ಮೆಗಳು. ನಮ್ಮ ಓಣಿಯ ಹಾಲಿನ ಬೂತಿನ ಮುಂದೆ ಆಟೋ ಕೂಡ ಹಿಂದೆ ಮುಂದೆ ಮಾಡದೆ ತಿರುಗುವುದಿಲ್ಲ. ಈ ಗಾಡಿ ಒಂದೇ ಸಲಕ್ಕೆ ತಿರುಗಿತು. ಅರ್ಜಿದಾರನಿಗೆ ನಂಬಿಕೆ ಬರಲಿಲ್ಲ. ಇನ್ನೊಮ್ಮೆ ತಿರುಗಿಸಿದನು. ತಿರುಗಿತು. ಎಡದಿಂದ ತಿರುಗಿಸಿದನು, ಬಲದಿಂದ ತಿರುಗಿಸಿದನು, ಒಂದೇ ಕೈಯಲ್ಲಿ ತಿರುಗಿಸಿದನು. ಹೊಟ್ಟೆಯೊಳಗಿಂದ ನಗು ಬರಲಾರಂಭಿಸಿತು. ಐವತ್ತೆರಡು ವರ್ಷದ ನೌಕರನು ಒಬ್ಬನೇ ಗಾಜು ಏರಿಸಿಕೊಂಡು ನಕ್ಕನು. ಹನ್ನೊಂದನೆಯ ಸುತ್ತಿಗೆ ಬೂತಿನ ಸುಗಲಮ್ಮ ಹೊರಗೆ ಬಂದಳು.

"ಏನ್ ಕಳಕೊಂಡೀರಿ ಅಣ್ಣಾ, ಆಗಿಂದ ತಿರಗಾಕತ್ತೀರಿ?"

"ಏನಿಲ್ಲವ್ವ. ಟೈರ್ ನೋಡಾಕತ್ತೀನಿ."

"ಮೀಸಿ ಕುಣೀಲಿಕತ್ತಾವು ನಿಮ್ಮವು. ಟೈರ್ ನೋಡಿದ್ರ ಹಂಗ ಆಗ್ತೈತೇನ್ರಿ?"

ಯಾರಿಗೂ ಹೇಳಬಾರದೆಂದು ಅರ್ಜಿದಾರನು ಕೇಳಿಕೊಂಡಾಗ ಅವಳು, ತನ್ನನ್ನೂ ಒಂದು ಸುತ್ತು ಕರೆದುಕೊಂಡು ಹೋಗಬೇಕೆಂದು ಷರತ್ತು ಹಾಕಿದಳು. ಹನ್ನೆರಡನೆಯ ಸುತ್ತು ಅದು. ಅವಳೂ ನಕ್ಕಳು. ಹಾಲು ತರುವುದು ಮರೆತುಹೋಯಿತು.

ಎಂಟು ಗಂಟೆಗೆ ದಾನೇಶ್ವರಿ ಗಾಡಿ ಹತ್ತಿ, "ಸೀಟ್ ಯಾರ್ ಸರಿಸ್ಯಾರ್ರಿ?" ಎಂದು ಕೇಳಿದಳು. ಕಂಪನಿಯವರಿರಬೇಕು ಎಂದನು ಅರ್ಜಿದಾರ. "ಹೌದೇನ್ರಿ," ಎಂದು ಅವಳು ಸೀಟನ್ನು ತನ್ನ ಅಳತೆಗೆ ಸರಿಸಿಕೊಂಡಳು. ಅವಳಿಗೆ ಏನೂ ಗೊತ್ತಾಗಿಲ್ಲ ಎಂಬುದು ಅರ್ಜಿದಾರನ ದೃಢವಾದ ನಂಬಿಕೆ.

9. ಅಂದಿನಿಂದ ಅರ್ಜಿದಾರನಿಗೆ ಬೇರೆ ಗಾಡಿ ಬೇಡ. ಆದರೆ ತನ್ನ ಮನಸ್ಸಿನಿಂದ ತಂದರೆ ಮೀಸೆ ಹೋಗುತ್ತದೆ. ಮೀಸೆ ಹೋದರೆ ಗುರುತಿನ ಚೀಟಿಯ ಭಾವಚಿತ್ರಕ್ಕೂ ಮುಖಕ್ಕೂ ತಾಳೆಯಾಗುವುದಿಲ್ಲ. ನಮ್ಮದು ರಕ್ಷಣಾ ಘಟಕ, ಗೇಟಿನಲ್ಲಿ ಬಿಡುವುದಿಲ್ಲ. ಬಿಡದಿದ್ದರೆ ಫೋರ್ಕ್‌ಲಿಫ್ಟ್ ನಿಲ್ಲುತ್ತದೆ. ನಿಂತರೆ ಉಗ್ರಾಣ ನಿಲ್ಲುತ್ತದೆ. ಆದಕಾರಣ ಇದು ಮನೆಯ ವಿಷಯವೆಂದು ಕಚೇರಿ ಕೈ ತೊಳೆದುಕೊಳ್ಳುವಂತಿಲ್ಲ. ಮೊನ್ನೆ ಅರ್ಜಿದಾರನು ಬೇರೆ ಯಾರದೋ ಮಾತೆಂಬಂತೆ, "ಸರ್ಕಾರದ ಹುಕುಂ ಬಂದ್ರ ಶಪಥ ಏನಾಗ್ತೈತೋ ಮಲ್ಲು?" ಎಂದು ಕೇಳಿದನು. "ಹುಕುಂ ಬಂದ್ರ ಯಾರ್ ಏನ್ ಮಾಡ್ಯಾರ್ರೀ ಮಾವ. ಅದಕ್ಕ ಶಪಥ ಹತ್ತೂದಿಲ್ಲ," ಎಂದನು ಮಲ್ಲು. ಈ ಅರ್ಜಿ ಹುಟ್ಟಿದ್ದು ಆ ಗಳಿಗೆಯಲ್ಲಿ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ತಾವು ದೊಡ್ಡ ಗಾಡಿಯ ಅನುಮತಿಯನ್ನು ಖಡಾಖಂಡಿತವಾಗಿ ತಿರಸ್ಕರಿಸಿ, ಕೊಳ್ಳುವುದಾದರೆ ಗಿಡ್ಡ ಗಾಡಿಯನ್ನೇ ಕೊಳ್ಳತಕ್ಕದ್ದೆಂದು ಮಂಗಳವಾರದೊಳಗೆ ಆದೇಶಿಸಬೇಕು. ಬುಧವಾರ ಗಾಡಿ ಕಾದಿರಿಸುವ ದಿನ. ಆದೇಶದ ಭಾಷೆ ಸ್ವಲ್ಪ ಕಟುವಾಗಿರಲಿ. ಓದಿದರೆ ಅರ್ಜಿದಾರನಿಗೆ ನಿಜವಾಗಿ ಸಿಟ್ಟು ಬರುವಂತಿರಬೇಕು. ಇಲ್ಲದಿದ್ದರೆ ಮನೆಯಲ್ಲಿ ಯಾರೂ ನಂಬುವುದಿಲ್ಲ. ಆದೇಶವನ್ನು ಮನೆಯ ವಿಳಾಸಕ್ಕೆ ಕಳುಹಿಸುವುದು. ಈ ಅರ್ಜಿಯನ್ನು ಕಳುಹಿಸಬಾರದು.

ಸದ್ಯಕ್ಕೆ ಮೀಸೆ ಸಹಿತ,
ತಮ್ಮ ವಿಶ್ವಾಸಿ,
ಲಿಂಗಣ್ಣ

ಅಡಕಗಳು:
1. ಗುರುತಿನ ಚೀಟಿಯ ನಕಲು (ಮೀಸೆ ಸ್ಪಷ್ಟವಾಗಿ ಕಾಣುವಂತೆ).
2. ಸುರಕ್ಷತಾ ಪ್ರಶಸ್ತಿಪತ್ರದ ನಕಲು.
3. ಪಾರ್ಕಿಂಗ್ ಅಳೆದ ಹಗ್ಗ, ಒಂದು. ದಯವಿಟ್ಟು ನಾಳೆಯೇ ವಾಪಸು ಕೊಡುವುದು, ಒದ್ದೆ ಬಟ್ಟೆ ಹಾಗೇ ಇವೆ.
4. ತಿರಸ್ಕಾರದ ಆದೇಶದ ಕರಡು. ಅರ್ಜಿದಾರನೇ ಬರೆದಿದ್ದಾನೆ, ತಾವು ಸಹಿ ಹಾಕಿದರೆ ಸಾಕು. ಬೈಗುಳ ಹೆಚ್ಚಾಯಿತೆನಿಸಿದರೆ ಎರಡನೆಯ ಸಾಲು ತೆಗೆಯಬಹುದು.

ವಿಶೇಷ ಸೂಚನೆ: ಆದೇಶದಲ್ಲಿ ಗಾಡಿಯ ಬಣ್ಣವೂ ನಮೂದಾಗಿರಲಿ, ನವಿಲಿನ ಕೊರಳಿನ ನೀಲಿ ಎಂದು. ಅಂಗಡಿಯಲ್ಲಿ ದಾನೇಶ್ವರಿ ಆ ಬಣ್ಣದ ಮೇಲೆ ಎರಡು ಸಲ ಕೈ ಆಡಿಸಿ, ಅದನ್ನು ಬಾಯಿಬಿಟ್ಟು ಕೇಳದೆ, ಹೊರಗೆ ಬಂದ ಮೇಲೆ ಬಿಳಿ ಆದರೂ ನಡೆಯುತ್ತದೆ ಎಂದಿದ್ದಳು. ಅರ್ಜಿದಾರನು ಹೊರಗೆ ರಸ್ತೆಯಲ್ಲಿ ಸಿಟ್ಟಿನಿಂದ ನಿಂತು ಗಾಜಿನೊಳಗಿಂದ ನೋಡಿದ್ದಾನೆ. ಕಾರಣ ಕೇಳಿದರೆ ಆಡಳಿತಾತ್ಮಕ ಎಂದು ಬರೆಯುವುದು.