ಹೆಲ್ಮೆಟ್ ಹಾಕಿ ಸಿಂಕ್ ತೊಳೆದದ್ದು

ಸುರಕ್ಷತೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಗಲ್ಫಿನ ಒಂದು ಕಂಪೆನಿಯ ಸೇಫ್ಟಿ ಸ್ಟೋರಿನಲ್ಲಿ ತಲೆಕೂದಲು ಉದುರುವವರೆಗೆ ಕೆಲಸ ಮಾಡಿ ಬಂದವನು ನಾನು. ಹೆಲ್ಮೆಟ್, ಗ್ಲೌಸ್, ಬೂಟು ಎಲ್ಲವನ್ನೂ ಜನರಿಗೆ ನಾನೇ ಕೊಡುತ್ತಿದ್ದೆ. ಅವನ್ನು ಹಾಕಿಕೊಂಡ ಮೇಲೆ ಏನು ಮಾಡಬೇಕು, ಏನು ಮಾಡಬಾರದು ಎಂಬುದು ಮಾತ್ರ ಬೇರೆ ಡಿಪಾರ್ಟ್‌ಮೆಂಟಿಗೆ ಸೇರಿದ ವಿಷಯವಾಗಿತ್ತು.

ಹಾಗಾಗಿ, ನನ್ನ ಹೆಂಡತಿ ಹಿಲ್ಡಾಳ ಎದೆಯ ಗಡ್ಡೆಯ ಆಪರೇಷನ್ ಮುಗಿದು, ಡಾಕ್ಟರು ನನ್ನನ್ನು ಕರೆದು, "ಮನೆ ಕ್ಲೀನ್ ಇರಬೇಕು. ಅಡುಗೆಮನೆ, ಸಿಂಕ್ ಎಲ್ಲ. ಅವರಿಗೆ ಈಗ ಇನ್‌ಫೆಕ್ಷನ್ ಆಗಬಾರದು" ಎಂದಾಗ ನಾನು ಎದೆಯುಬ್ಬಿಸಿ, "ನಾನಿದ್ದೇನಲ್ಲ ಡಾಕ್ಟ್ರೇ!" ಎಂದೆ. ಡಾಕ್ಟರು ಹಿಲ್ಡಾಳ ಮುಖ ನೋಡಿದರು. ಹಿಲ್ಡಾ ಗೋಡೆ ನೋಡಿದಳು.

ಅವಳಿಗೆ ಆಪರೇಷನ್ನಿಗಿಂತ ದೊಡ್ಡ ಹೆದರಿಕೆ ನಾನೇ. "ನನಗೆ ಎಂತಾದ್ರೂ ಆದರೆ ನಿಮ್ಮ ಗತಿ ಎಂತ? ಒಂದು ಚಾ ಮಾಡ್ಲಿಕ್ಕೆ ಬರುದಿಲ್ಲ ನಿಮಗೆ." ಇದನ್ನು ಅವಳು ಅರಿವಳಿಕೆ ಕೊಡುವ ಮುಂಚೆಯೂ ಹೇಳಿದ್ದಳು, ಎಚ್ಚರವಾದ ಮೇಲೆ ಮೊದಲ ಮಾತಾಗಿಯೂ ಹೇಳಿದಳು. ನಮಗೆ ಮಕ್ಕಳಿಲ್ಲ. ಅವಳಿಲ್ಲದ ಕಾಟಿಪಳ್ಳದ ಮನೆಯನ್ನು ನೆನೆಸಿಕೊಂಡರೆ ನನಗೂ ಹೆದರಿಕೆಯಾಗುತ್ತಿತ್ತು. ಆದರೆ ಅದನ್ನು ಅವಳೆದುರು ಹೇಳುವಂತಿರಲಿಲ್ಲ. ನಾನು ಒಬ್ಬನೇ ಬದುಕಬಲ್ಲೆ ಎಂದು ಅವಳಿಗೆ ನಂಬಿಕೆ ಬರಬೇಕು. ಅದಕ್ಕೆ ಒಂದು ಹೊಳೆಯುವ ಅಡುಗೆಮನೆಗಿಂತ ದೊಡ್ಡ ಪುರಾವೆ ಯಾವುದು!

ಡಿಸ್ಚಾರ್ಜಿನ ದಿನ ಅವಳನ್ನು ಕರೆತರುವ ಜವಾಬ್ದಾರಿ ಅವಳ ತಮ್ಮ ಫೆಲಿಕ್ಸನದ್ದು. ಮನೆಯ ಜವಾಬ್ದಾರಿ ನನ್ನದು. ಬೆಳಿಗ್ಗೆಯೇ ಹಿಲ್ಡಾಳ ಫೋನು ಬಂತು.

"ಸೋಪು, ಬಿಸಿನೀರು ಸಾಕು. ಸಿಂಕಿಗೆ ಬೇರೆ ಬಟ್ಟೆ, ಕಟ್ಟೆಗೆ ಬೇರೆ ಬಟ್ಟೆ. ಕಿಟಕಿ ತೆಗೆದಿಡಿ. ಬೇರೆ ಎಂತ ಕಿತಾಪತಿಯೂ ಬೇಡ. ನನಗೆ ಬಂದ ಕೂಡ್ಲೇ ನಮ್ಮ ಕಿಚನಿನಲ್ಲಿ ಕೂತು ಒಂದು ಬಟ್ಟಲು ಗಂಜಿ ಉಣ್ಬೇಕು, ಅಷ್ಟೇ."

"ಹಿಲ್ಡಾ, ನಾನು ಸೇಫ್ಟಿಯವ!"

"ಅದೇ ಹೆದರಿಕೆ" ಎಂದು ಫೋನಿಟ್ಟಳು.

ಸಮಸ್ಯೆ ಸಿಂಕಿನದ್ದು. ಹಿಲ್ಡಾ ಮೀನನ್ನು ಯಾವತ್ತೂ ಮನೆಯ ಹಿಂದೆ ಬಾವಿಯ ಹತ್ತಿರದ ಕಲ್ಲಿನ ಮೇಲೆ ಶುಚಿ ಮಾಡುವವಳು. ಅವಳು ಆಸ್ಪತ್ರೆಯಲ್ಲಿದ್ದಾಗ ನಾನು ಹೆಚ್ಚಿನ ನೈರ್ಮಲ್ಯದ ದೃಷ್ಟಿಯಿಂದ ಬಂಗುಡೆಯನ್ನು ಸಿಂಕಿನಲ್ಲೇ ಶುಚಿ ಮಾಡಿದ್ದೆ. ಕರುಳು, ಕಿವಿರು ಎಲ್ಲ ಪೈಪಿನೊಳಗೆ ಕೂತು ಅಲ್ಲೇ ಸಂಸಾರ ಹೂಡಿದ್ದವು. ಹಿಂದಿನ ದಿನ ನೆರೆಮನೆಯ ಬೆಕ್ಕು ಬಾಗಿಲವರೆಗೆ ಬಂದು, ಮೂಸಿ, ಸ್ವಲ್ಪ ಯೋಚಿಸಿ, ಹಿಂದೆ ಹೋಗಿತ್ತು.

ಟ್ರಂಕಿನಿಂದ ಗಲ್ಫಿನ ಹಳದಿ ಹೆಲ್ಮೆಟ್ ತೆಗೆದು ಹಾಕಿಕೊಂಡೆ. ಕೈಗೆ ಗ್ಲೌಸು, ಸೊಂಟಕ್ಕೆ ಹಿಲ್ಡಾಳ ಹೂವಿನ ಏಪ್ರನ್. ಈ ವೇಷವನ್ನು ಪಕ್ಕದ ಮನೆಯ ಶಕುಂತಳಕ್ಕ ನೋಡಿದರೆ ತೊಕ್ಕೊಟ್ಟಿನವರೆಗೆ ಸುದ್ದಿಯಾಗುತ್ತದೆಂದು ಎಲ್ಲ ಕಿಟಕಿ ಮುಚ್ಚಿದೆ. ಹಿಂಬಾಗಿಲಿಗೆ ಚಿಲಕವನ್ನೂ ಹಾಕಿದೆ. ಮರ್ಯಾದೆ ಸುರಕ್ಷಿತವಾಯಿತು.

ಮೊದಲು ಸೋಪು ಹಾಕಿ ಸಿಂಕ್ ತಿಕ್ಕಿದೆ. ಅದೇ ಬಟ್ಟೆಯಿಂದ ಅಡುಗೆ ಕಟ್ಟೆ ಒರೆಸಿದೆ, ಫ್ರಿಜ್ಜಿನ ಹಿಡಿ ಒರೆಸಿದೆ, ಊಟದ ಮೇಜನ್ನೂ ಒರೆಸಿದೆ. ಅಲ್ಲಿಯವರೆಗೆ ಸಿಂಕಿನಲ್ಲಿ ಮಾತ್ರ ಇದ್ದ ಬಂಗುಡೆ ಈಗ ಸರ್ವಾಂತರ್ಯಾಮಿಯಾಯಿತು!

ಬಾವಿಗೆ ಹಾಕಿ ಉಳಿದ ಬ್ಲೀಚಿಂಗ್ ಪೌಡರ್ ನೆನಪಾಯಿತು. ಬಾವಿಯನ್ನೇ ಶುದ್ಧ ಮಾಡುವ ಪುಡಿಗೆ ಸಿಂಕ್ ಯಾವ ಲೆಕ್ಕ ಎಂದು ಧಾರಾಳವಾಗಿ ಸುರಿದೆ. ವಾಸನೆ ಹೋಗಲಿಲ್ಲ. ಬಾತ್‌ರೂಮಿಗೆ ಟೈಲ್ಸ್ ಹಾಕಿದವರು ಬಿಟ್ಟುಹೋದ ಆಸಿಡ್ ಬಾಟಲಿಯೂ ಮೂಲೆಯಲ್ಲಿತ್ತು. ಬ್ಲೀಚಿಂಗ್ ಪೌಡರ್ ಒಳ್ಳೆಯದು, ಆಸಿಡ್ಡೂ ಒಳ್ಳೆಯದು. ಎರಡು ಒಳ್ಳೆಯ ಮನೆತನಗಳು ಸೇರಿದರೆ ಸಂಬಂಧ ಚೆನ್ನಾಗಿಯೇ ಆಗಬೇಕಲ್ಲ? ಆ ಪುಡಿಯ ಮೇಲೆಯೇ ಆಸಿಡ್ ಹೊಯ್ದೆ.

ಸಿಂಕ್ ಬುಸ್ಸೆಂದಿತು. ಹಳದಿ ಹೊಗೆ ಎದ್ದು ನೇರ ಮುಖಕ್ಕೆ ಬಂತು. ಕಣ್ಣು ಉರಿಯಿತು, ಗಂಟಲಿಗೆ ಯಾರೋ ಮೆಣಸಿನ ಪುಡಿ ತುರುಕಿದಂತಾಯಿತು. ಉಸಿರು ಎಳೆದರೆ ಒಳಗೆ ಹೋಗುತ್ತಿರಲಿಲ್ಲ. ತಲೆಗೆ ಮಾತ್ರ ಏನೂ ಆಗಲಿಲ್ಲ. ಹೆಲ್ಮೆಟ್ ತನ್ನ ಕರ್ತವ್ಯವನ್ನು ಚಾಚೂ ತಪ್ಪದೆ ಮಾಡುತ್ತಿತ್ತು!

ಹಿಂಬಾಗಿಲಿನ ಚಿಲಕ ಎಲ್ಲಿದೆಯೆಂದು ಕುರುಡನಂತೆ ತಡವಿದೆ. ನಾನೇ ಹಾಕಿದ ಚಿಲಕ. ಆ ಗಳಿಗೆಯಲ್ಲಿ ನಿಜಕ್ಕೂ ಸಾಯುತ್ತೇನೆ ಅನ್ನಿಸಿತು. ಗಂಜಿ ಒಲೆಯ ಮೇಲೆ ಇಡಲಿಲ್ಲವಲ್ಲ ಎಂದೂ ಅನ್ನಿಸಿತು. ಹೇಗೋ ಚಿಲಕ ಸಿಕ್ಕಿತು. ಅಂಗಳಕ್ಕೆ ಬಿದ್ದೆ.

"ಅಯ್ಯೋ ದೇವೆರೇ! ಪೊರ್ಬುಗಳೇ, ಎಂತ ಆಯ್ತು ಮಾರಾಯ್ರೇ?" ಎಂದು, ಕ್ರಿಶ್ಚಿಯನ್ನನಾದ ನನ್ನನ್ನು ತುಳುವಿನಲ್ಲಿ ಪೊರ್ಬುಗಳೆಂದೇ ಕರೆಯುವ ಶಕುಂತಳಕ್ಕ ಬೇಲಿ ದಾಟಿ ಓಡಿ ಬಂದರು. ಯಾರ ಕಣ್ಣು ತಪ್ಪಿಸಲು ಕಿಟಕಿ ಮುಚ್ಚಿದ್ದೆನೋ ಅವರೇ ನನ್ನನ್ನು ಏಪ್ರನ್ನಿನ ಸಮೇತ ಎತ್ತಿ ಕೂರಿಸಿದರು.

ಅಷ್ಟರಲ್ಲಿ ಮುಂಬದಿಯಲ್ಲಿ ಕಾರು ನಿಂತ ಸದ್ದಾಯಿತು. ಲೋಕದ ಇತಿಹಾಸದಲ್ಲಿ ಮೊದಲ ಬಾರಿಗೆ ಒಂದು ಆಸ್ಪತ್ರೆ ಹೇಳಿದ ಸಮಯಕ್ಕಿಂತ ಮುಂಚೆ ಡಿಸ್ಚಾರ್ಜ್ ಮಾಡಿತ್ತು! ಹಿಲ್ಡಾ ಮನೆಯೊಳಗೆ ಹೋದರೆ? ಎದ್ದು, ಗೋಡೆ ಹಿಡಿದುಕೊಂಡು ಮುಂಬದಿಗೆ ಬಂದೆ. ಅವಳು ಒಂದು ಕೈಯನ್ನು ಎದೆಗೊತ್ತಿಕೊಂಡು ಮೆಟ್ಟಿಲ ಹತ್ತಿರ ನಿಂತಿದ್ದಳು. ಕೂಗಲು ಸ್ವರ ಬರಲಿಲ್ಲ. ಹೋಗಿ ಹೊಸ್ತಿಲಿಗೆ ಅಡ್ಡ ಕೂತೆ.

"ಏಳಿ ಮಾರಾಯ್ರೇ, ನನಗೆ ನಿಲ್ಲಿಕ್ಕೆ ಆಗುದಿಲ್ಲ. ತಲೆಗೆ ಎಂತ ಅದು?" ಎಂದಳು. ಆಮೇಲೆ ಬಾಗಿಲ ಸಂದಿಯಿಂದ ಬಂದ ವಾಸನೆ ಅವಳ ಮೂಗಿಗೂ ಬಡಿಯಿತು. "ಸಾಯ್ಬಾ!" ಎಂದು ದೇವರನ್ನು ಕರೆದು ಹಿಂದೆ ಸರಿದಳು. ಅವಳ ಮುಖ ಬಿಳಿಚಿಕೊಂಡಿತು. ಆ ಮುಖ ನೋಡಿ ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

ಫೆಲಿಕ್ಸ್ ನಮ್ಮಿಬ್ಬರನ್ನೂ ಕಾರಿಗೆ ತುಂಬಿಸಿ, ಬಂದ ದಾರಿಯಲ್ಲೇ ತಿರುಗಿಸಿದ. ಅದೇ ಆಸ್ಪತ್ರೆ. ಕ್ಯಾಶುವಾಲ್ಟಿಯ ಡಾಕ್ಟರು ನನ್ನ ತಲೆ ನೋಡಿ, "ಬೈಕ್ ಆಕ್ಸಿಡೆಂಟಾ?" ಎಂದು ಕೇಳಿದರು.

"ಅಲ್ಲ ಡಾಕ್ಟ್ರೇ. ಸಿಂಕ್ ತೊಳೀತಿದ್ರು" ಎಂದ ಫೆಲಿಕ್ಸ್.

ಮೂಗಿಗೆ ಆಕ್ಸಿಜನ್ ಮಾಸ್ಕ್ ಕಟ್ಟಿ ಮಲಗಿಸಿದರು. ಮಂಚದ ಪಕ್ಕದ ಸ್ಟೂಲಿನಲ್ಲಿ, ರೋಗಿಯನ್ನು ನೋಡಿಕೊಳ್ಳುವವರು ಕೂರುವ ಜಾಗದಲ್ಲಿ, ಎದೆಗೆ ಹೊಲಿಗೆ ಹಾಕಿಸಿಕೊಂಡ ನನ್ನ ಹೆಂಡತಿ ಕೂತಳು. ಮಡಿಲಲ್ಲಿ ನನ್ನ ಹೆಲ್ಮೆಟ್. ಫೆಲಿಕ್ಸ್ ಕ್ಯಾಂಟೀನಿನಿಂದ ಗಂಜಿ ತಂದುಕೊಟ್ಟ. ಮನೆಯಲ್ಲಿ ಉಣ್ಣಬೇಕೆಂದಿದ್ದ ಗಂಜಿಯನ್ನು ಅವಳು ಅಲ್ಲೇ ಕೂತು ಕುಡಿದು ಮುಗಿಸಿದಳು.

ಬಟ್ಟಲು ಕೆಳಗಿಟ್ಟು ನನ್ನ ಕೈ ಹಿಡಿದಳು. "ನಾನು ಹೋದ್ರೆ ನಿಮ್ಮ ಗತಿ ಎಂತ ಅಂತ ಇಷ್ಟು ದಿನ ನನಗೆ ನಿದ್ದೆ ಇರ್ಲಿಲ್ಲ. ಇವತ್ತು ಆ ಚಿಂತೆ ಹೋಯ್ತು."

ಮಾಸ್ಕಿನ ಮೇಲೆ ನನ್ನ ಕಣ್ಣು ತುಂಬಿತು. ಅಂತೂ ನನ್ನ ಮೇಲೆ ನಂಬಿಕೆ ಬಂತು!

"ನೀವೇ ಮೊದಲು ಹೋಗ್ತೀರಿ" ಎಂದಳು.

ಹೊಲಿಗೆಯ ಮೇಲೆ ಕೈ ಒತ್ತಿಕೊಂಡು, ಆಪರೇಷನ್ ಆದ ಮೇಲೆ ಮೊದಲ ಸಲ ನಕ್ಕಳು. ನಗುತ್ತಲೇ ಅಳತೊಡಗಿದಳು, ಕೈ ಮಾತ್ರ ಬಿಡಲಿಲ್ಲ. ಹಾಗೇನೂ ಆಗುವುದಿಲ್ಲ ಎಂದು ಹೇಳಲು ಮಾಸ್ಕ್ ಸರಿಸಿ ಬಾಯಿ ತೆರೆದೆ. ಕೆಮ್ಮು ಬಂತು.